ಕಪಾಟಿಗೂ ಕಾಲಿರಲಿ

ಕತ್ತಲಗೆರೆ ಭದ್ರಾ ಅಚ್ಚುಕಟ್ಟಿನ ಊರು. ಮಳೆಗಾಲದಲ್ಲಿ ಮನೆಯ ನೆಲವೂ ಥಂಡಿ. ಪಾರ್ಟಿಕಲ್ ಬೋರ್ಡಿನ ಜೋಡಣೆ ಕಪಾಟನ್ನು ನೆಲಕ್ಕೇ ಇಟ್ಟರೆ, ನೆಲ ಒರೆಸಿದ ನೀರು ಹೀರಿ ಅಡಿ ಉಬ್ಬುತ್ತದೆ. ಬೂಷ್ಟು ಹಿಡಿಯುತ್ತದೆ, ಜಿರಳೆ ಸೇರುತ್ತದೆ. ಇವೆರಡೂ ಮಕ್ಕಳ ಉಬ್ಬಸವನ್ನು ಕೆರಳಿಸುತ್ತವೆ.

ಸುಮಾರು 10 ಸೆಂ.ಮೀ. ಎತ್ತರದ, ತಿರುಗಿಸಿ ಮಟ್ಟ ಮಾಡುವ ಗಟ್ಟಿ ಪ್ಲಾಸ್ಟಿಕ್ ಕಾಲುಗಳನ್ನು ಆರಿಸಿ. ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ. 18 ಮಿ.ಮೀ. ದಪ್ಪದ ಹಲಗೆಗೆ 16 ಮಿ.ಮೀ. ಸ್ಕ್ರೂ ಸಾಕು, ಉದ್ದವಾದರೆ ಒಳಗೆ ಚುಚ್ಚಿ ಬರುತ್ತದೆ. ಕಪಾಟು ಅಗಲವಾಗಿದ್ದರೆ ನಡುವೆಯೂ ಕಾಲು ಕೊಡಿ. ಎತ್ತರದ ಕಪಾಟನ್ನು ಗೋಡೆಗೆ ಬಿಗಿಯಲೇಬೇಕು; ಮಗು ಹತ್ತಿದರೆ ಮೈಮೇಲೆ ಉರುಳೀತು.

ನಮಾಝಿನ ಜಾಗ ಪಾಕ್ ಆಗಿರಬೇಕೆನ್ನುವ ನಾವು, ಕಪಾಟಿನಡಿಗೂ ಪೊರಕೆ ಹೋಗುವಂತೆ ನೋಡಿಕೊಳ್ಳೋಣ.