ಮಡಚು ಚಾಕುವಿನ ದಾರ್ಢ್ಯ

ಲೋಹದ ಸಾಮಾನನ್ನು ಕೊಳ್ಳುವ ಮುನ್ನ ಅಂಗೈಯಲ್ಲಿಟ್ಟು ತೂಗಿನೋಡಿ, ಭಾರವಾಗಿದ್ದರೆ ಗಟ್ಟಿಯೆಂದೂ ಹಗುರವಾಗಿದ್ದರೆ ಪೊಳ್ಳೆಂದೂ ತೀರ್ಮಾನಿಸುವುದು ನಮ್ಮ ಹಿರಿಯರಿಂದ ಬಂದ ಪದ್ಧತಿ. ಹಿತ್ತಾಳೆಯ ಕೊಳಗ, ಕಬ್ಬಿಣದ ಬಾಣಲೆ, ಹಾರೆ ಗುದ್ದಲಿಗಳ ವಿಷಯದಲ್ಲಿ ಆ ಪದ್ಧತಿ ಬಹುಮಟ್ಟಿಗೆ ಸರಿಯೂ ಹೌದು. ಆದರೆ ಬೆಂಗಳೂರಿನ ತಿಲಕ್ ನಗರದ ಹಾರ್ಡ್‌ವೇರ್ ಅಂಗಡಿಯೊಂದರಲ್ಲಿ, ಟಾರ್ಚು ಬೀಗಗಳ ನಡುವೆ ಗಾಜಿನ ಪೆಟ್ಟಿಗೆಯೊಳಗೆ ಮಲಗಿರುವ, ಐವತ್ತು ಅರುವತ್ತು ಗ್ರಾಂ ತೂಕಕ್ಕೆ ಮೀರದ ಮಡಚು ಚಾಕುವನ್ನು ಕೈಗೆತ್ತಿಕೊಂಡ ಗೃಹಸ್ಥನು ಇದೇ ತಕ್ಕಡಿಯಿಂದ ಅದರ ಬಾಳಿಕೆಯನ್ನು ಅಳೆಯಹೊರಟನಾದರೆ, ಒಳ್ಳೆಯದನ್ನು ಹಗುರವೆಂಬ ಕಾರಣಕ್ಕಾಗಿ ಹಿಂದಿರುಗಿಸಿ, ಕಳಪೆ ಉಕ್ಕಿಗೆ ದಪ್ಪ ತಗಡಿನ ಹಿಡಿ ತೊಡಿಸಿದ ಭಾರವಾದ ವಸ್ತುವನ್ನು ಸಂತೋಷದಿಂದ ಮನೆಗೆ ತರುವ ಸಂಭವವೇ ಹೆಚ್ಚು. ಇಂಥ ಚಾಕುವಿನ ಆಯುಸ್ಸು ಮುಖ್ಯವಾಗಿ ಅಡಗಿರುವುದು ಅಲಗು ಹಿಡಿಯನ್ನು ಕೂಡುವ ಕೀಲಿನಲ್ಲಿ. ಪರೀಕ್ಷೆಯೂ ಅಲ್ಲಿಂದಲೇ ಆರಂಭವಾಗತಕ್ಕದ್ದು.

ಮಡಚುವ ಆಯುಧ ನಮ್ಮ ಮನೆಗಳಿಗೆ ಹೊಸದಲ್ಲ. ಕೆಲಸ ಮುಗಿದೊಡನೆ ಅಲಗನ್ನು ಹಲಗೆಯ ಮೇಲೆ ಮಲಗಿಸಿ ಗೋಡೆಯ ಮೂಲೆಗೆ ಒರಗಿಸಬಹುದಾದ ಈಳಿಗೆಮಣೆಯನ್ನು ಬಳಸಿದ ಹಿರಿಯ ಹೆಂಗಸರು, ಕುಂಬಳಕಾಯನ್ನು ಒತ್ತುವಾಗ ಅಲಗು ಮಗ್ಗುಲಿಗೆ ವಾಲತೊಡಗಿತೆಂದರೆ, ಅದರ ಹರಿತ ಎಷ್ಟೇ ಇರಲಿ, ಮೊದಲು ಮೊಳೆಯ ತಲೆಯನ್ನು ತಟ್ಟಿಸಿ ಬಿಗಿಮಾಡಿಸಿ ಆಮೇಲೆ ಹೆಚ್ಚಲು ಕೂರುತ್ತಿದ್ದರು. ಜೇಬಿನ ಚಾಕುವಿಗೂ ಅನ್ವಯಿಸುವ ಶಾಸ್ತ್ರ ಅದೇ.

ಕೀಲಿನ ಮೇಲೆ ಬೀಳುವ ಹೊರೆ ಎಷ್ಟೆಂಬುದನ್ನು ಲೆಕ್ಕಹಾಕಿ ನೋಡಿದರೆ ಈ ಮಾತಿನ ಗೌರವ ತಿಳಿಯುತ್ತದೆ. ಕೀಲಿನಿಂದ 8 ಸೆಂಟಿಮೀಟರು ದೂರದಲ್ಲಿ, ತುದಿಯ ಬಳಿ, ಅಲಗಿನ ಬೆನ್ನಿನ ಮೇಲೆ 5 ಕಿಲೋಗ್ರಾಂ ಒತ್ತಡ ಬಿದ್ದಿತೆಂದು ಭಾವಿಸಿ. ಅಲಗು ಮಡಚಿಕೊಳ್ಳದಂತೆ ತಡೆಯುವ ಲಾಕು ಅದರ ಹಿಮ್ಮಡಿಯನ್ನು ಹಿಡಿದಿರುವುದು ಕೀಲಿನಿಂದ ಕೇವಲ 6 ಮಿಲಿಮೀಟರು ದೂರದಲ್ಲಾದರೆ, ಸನ್ನೆಗೋಲಿನ ನಿಯಮದಂತೆ ಆ ಪುಟ್ಟ ಲಾಕು ತಡೆದುಕೊಳ್ಳಬೇಕಾದ ಹೊರೆ 66 ಕಿಲೋಗ್ರಾಮಿಗೂ ಮಿಕ್ಕುತ್ತದೆ. ಒಬ್ಬ ಆಳಿನ ತೂಕವನ್ನು ಉಗುರಿನಗಲದ ಉಕ್ಕಿನ ಚೂರೊಂದು ಹೊರಬೇಕಾಗಿರುವಲ್ಲಿ, ಹಿಡಿ ಮರದ್ದೋ ನೈಲಾನಿನದೋ ಉಕ್ಕಿನದೋ ಎಂಬ ಪ್ರಶ್ನೆ ಎರಡನೆಯದಾಗುತ್ತದೆ.

ಹೀಗಿರಲು ಅಂಗಡಿಯಲ್ಲಿ ನಿಂತು ಮಾಡಬೇಕಾದ ಪರೀಕ್ಷೆ ಯಾವುದು? ಅಲಗನ್ನು ಪೂರ್ತಿಯಾಗಿ ಬಿಡಿಸಿ, ಹಿಡಿಯನ್ನು ಎಡಗೈಯಲ್ಲಿ ಭದ್ರವಾಗಿ ಹಿಡಿದುಕೊಂಡು, ಬಲಗೈಯ ಹೆಬ್ಬೆರಳು ತೋರುಬೆರಳುಗಳಿಂದ ಅಲಗನ್ನು ಬೆನ್ನಿನ ಕಡೆಯಿಂದ, ಬಾಯಿಗೆ ಬೆರಳು ತಾಗದಂತೆ ಹಿಡಿದು, ಮೊದಲು ಎಡಬಲಕ್ಕೂ ಅನಂತರ ಮೇಲೆ ಕೆಳಕ್ಕೂ ಮೆಲ್ಲನೆ ಅಲುಗಿಸಬೇಕು. ಎಡಬಲದ ಅಲುಗಾಟ ಕೀಲಿನ ಸ್ಕ್ರೂವನ್ನು ಕಾಲು ಸುತ್ತು ತಿರುಗಿಸಿದರೆ ಎಷ್ಟೋ ವೇಳೆ ಹೋಗುತ್ತದೆ. ಆದರೆ ಬಿಗಿದಾಗ ಅಲಗು ತೆರೆಯಲಾರದಷ್ಟು ಬಿಗಿಯಾಗಿ, ಸ್ವಲ್ಪ ಸಡಿಲಿಸಿದೊಡನೆ ಮತ್ತೆ ಅಲುಗುತ್ತ, ಇವೆರಡರ ನಡುವೆ ನಿಲ್ಲಲು ಒಂದು ಸ್ಥಾನವೇ ಸಿಕ್ಕದಿದ್ದರೆ, ಒಳಗಿನ ವಾಷರೋ ರಂಧ್ರವೋ ನೇರವಾಗಿಲ್ಲವೆಂದು ತಿಳಿದು ಅದನ್ನು ಬಿಟ್ಟುಬಿಡುವುದು ಲೇಸು. ಸ್ಕ್ರೂವಿನ ಬದಲು ರಿವೆಟ್ ಹೊಡೆದ ಅಗ್ಗದ ಚಾಕುಗಳಲ್ಲಿ ಆ ಸಣ್ಣ ಚಿಕಿತ್ಸೆಗೂ ಎಡೆಯಿಲ್ಲ. ಮೇಲೆ ಕೆಳಗಿನ ಅಲುಗಾಟವಾದರೋ ಇನ್ನೂ ಗಂಭೀರವಾದದ್ದು: ಲಾಕಿನ ಮುಖವೂ ಅಲಗಿನ ಹಿಮ್ಮಡಿಯೂ ಒಂದನ್ನೊಂದು ಸರಿಯಾಗಿ ಕೂಡಿಲ್ಲವೆಂಬುದು ಅದರ ಅರ್ಥ, ಮತ್ತು ಅದನ್ನು ಯಾವ ಸ್ಕ್ರೂವೂ ಸರಿಪಡಿಸಲಾರದು.

ಹಿಡಿಯ ಒಳಗೋಡೆಯ ಉಕ್ಕಿನ ತಗಡಿನಲ್ಲೇ ಒಂದು ನಾಲಗೆಯನ್ನು ಸೀಳಿ, ಅಲಗು ತೆರೆದಾಗ ಅದು ಹಿಮ್ಮಡಿಯ ಹಿಂದಕ್ಕೆ ಜಿಗಿದು ನಿಲ್ಲುವಂತೆ ಮಾಡಿರುವ ಲಾಕು ಇಂದು ಬಹಳ ಬಳಕೆಯಲ್ಲಿದೆ. ಹಗುರವಾದ ಚಾಕುಗಳಲ್ಲಿ ವಿಶೇಷ ಗಮನದಿಂದ ನೋಡಬೇಕಾದದ್ದು ಈ ನಾಲಗೆಯನ್ನೇ, ಏಕೆಂದರೆ ತೂಕ ಉಳಿಸುವ ಆತುರದಲ್ಲಿ ತೆಳುವಾಗುವುದು ಮೊದಲು ಇದೇ. ಹೊಸ ಚಾಕುವಿನಲ್ಲಿ ನಾಲಗೆಯು ಹಿಮ್ಮಡಿಯ ಅಗಲದ ಮೊದಲ ಅರ್ಧದೊಳಗೆ ನಿಂತಿರಬೇಕು. ಬಳಸಿದಂತೆಲ್ಲ ಸವೆದು ಅದು ಆಚೆಯ ಬದಿಗೆ ಸರಿಯುತ್ತ ಹೋಗಿ, ಎದುರಿನ ಗೋಡೆಯನ್ನು ಮುಟ್ಟಿದ ದಿನ ಮುಂದೆ ಸರಿಯಲು ಸ್ಥಳವಿಲ್ಲದೆ ಸಡಿಲವಾಗುತ್ತದೆ. ಹೊಸದರಲ್ಲೇ ಆಚೆಯ ಬದಿಗೆ ತಾಗಿ ನಿಂತಿರುವ ನಾಲಗೆಯುಳ್ಳ ಚಾಕು, ಎಂಥ ಹೆಸರು ಹೊತ್ತಿದ್ದರೂ, ಅರ್ಧ ಆಯುಸ್ಸು ಕಳೆದುಕೊಂಡೇ ಅಂಗಡಿಗೆ ಬಂದದ್ದು. ಹಿಡಿಯನ್ನು ಬಲವಾಗಿ ಅಮುಕಿ ತುಸು ತಿರುಚಿದಾಗ ನಾಲಗೆ ತನ್ನ ಜಾಗದಿಂದ ಕದಲಿದರೂ ಅದು ತ್ಯಾಜ್ಯವೇ. ಕೆಲವರು ಲಾಕನ್ನು ಪರೀಕ್ಷಿಸಲೆಂದು ಅಲಗಿನ ಬೆನ್ನನ್ನು ಮೇಜಿನ ಅಂಚಿಗೆ ಬಡಿಯುವುದುಂಟು. ಇದು ನನಗೆ ಸರ್ವಥಾ ಒಪ್ಪಿಗೆಯಿಲ್ಲ. ಆ ಬಡಿತ ಆರೋಗ್ಯವಾಗಿರುವ ಲಾಕನ್ನೂ ಕೆಡಿಸಬಲ್ಲುದು, ಲಾಕು ಸೋತರೆ ಅಲಗು ಬಂದು ಬೀಳುವುದು ಹಿಡಿದವನ ಬೆರಳುಗಳ ಮೇಲೆ. ಬೆರಳುಗಳನ್ನು ಅಲಗಿನ ದಾರಿಯಿಂದ ದೂರವಿರಿಸಿಕೊಂಡು ಬೆನ್ನಿನ ಮೇಲೆ ನಿಧಾನವಾಗಿ, ಏಕಪ್ರಕಾರವಾಗಿ ಒತ್ತಿದರೆ ಸಾಕು. ಸೋಲತಕ್ಕ ಲಾಕು ಅಷ್ಟಕ್ಕೇ ಸೋಲುತ್ತದೆ.

ಲಾಕೇ ಇಲ್ಲದ, ಕೇವಲ ಬೆನ್ನಿನ ಸ್ಪ್ರಿಂಗಿನ ಒತ್ತಡದಿಂದ ಅಲಗು ನಿಲ್ಲುವ ಚಾಕುಗಳೂ ಇವೆಯಷ್ಟೆ. ಸ್ವಿಸ್ ಸೈನ್ಯದ ಚಾಕುವೆಂದು ಲೋಕಪ್ರಸಿದ್ಧವಾದ, 1897ರಲ್ಲಿ ಕಾರ್ಲ್ ಎಲ್ಸನರ್ ನೋಂದಣಿ ಮಾಡಿಸಿದ ಅಧಿಕಾರಿಯ ಚಾಕು ಈ ಜಾತಿಯದು. ಫ್ರಾನ್ಸಿನ ಸವೋಯ್ ಪ್ರಾಂತದಲ್ಲಿ 1890ರಲ್ಲಿ ಜೋಸೆಫ್ ಒಪಿನೆಲ್ ರೂಪಿಸಿದ ರೈತರ ಚಾಕುವಿಗಂತೂ ಬೀಚ್ ಮರದ ಹಿಡಿ, ಒಂದು ಅಲಗು, ಒಂದು ಮೊಳೆ, ಹಿಡಿಯ ಕೊರಳಿಗೆ ಒಂದು ಲೋಹದ ಕಟ್ಟು ಇವಿಷ್ಟೇ ಅಂಗಗಳು. ಅಲಗನ್ನು ಭದ್ರಪಡಿಸುವ ತಿರುಗು ಉಂಗುರ ಅದಕ್ಕೆ ಸೇರಿದ್ದು 1955ರಲ್ಲಿ. ಅದರ 8ನೆಯ ನಂಬರಿನ ಚಾಕುವಿಗೆ ಎಂಟೂವರೆ ಸೆಂಟಿಮೀಟರು ಅಲಗಿದ್ದರೂ ಒಟ್ಟು ತೂಕ ಐವತ್ತು ಗ್ರಾಮಿನ ಒಳಗೇ. ಲಘುತ್ವವೂ ದಾರ್ಢ್ಯವೂ ಒಂದರ ಶತ್ರು ಇನ್ನೊಂದಲ್ಲವೆಂಬುದಕ್ಕೆ ಒಂದು ಶತಮಾನಕ್ಕೂ ಮೀರಿದ ಈ ಬಳಕೆಯೇ ಸಾಕ್ಷಿ. ಆದರೂ ಮರದ ಹಿಡಿ ಮಲೆನಾಡಿನ ಮಳೆಗಾಲದಲ್ಲಿ ನೀರು ಕುಡಿದು ಉಬ್ಬಿ ಅಲಗನ್ನು ಕಚ್ಚಿ ಹಿಡಿದುಬಿಡುವುದರಿಂದ, ಅಂಥ ಕಡೆ ವಾಸಿಸುವವರಿಗೆ ಗಾಜಿನ ನಾರು ಬೆರೆಸಿದ ನೈಲಾನಿನ ಹಿಡಿಯೇ ಮೇಲು. ಅದನ್ನು ಪ್ಲಾಸ್ಟಿಕ್ಕೆಂದು ತಾತ್ಸಾರ ಮಾಡಬೇಕಾದ ಕಾರಣವಿಲ್ಲ.

ಇನ್ನು ಅಲಗಿನ ವಿಚಾರ. ಬಾಗುವಿಕೆಯನ್ನು ತಡೆಯುವ ಶಕ್ತಿಯು ದಪ್ಪದ ಘನದಂತೆ ಏರಿಳಿಯುವುದರಿಂದ, 3 ಮಿಲಿಮೀಟರು ದಪ್ಪದ ಅಲಗಿಗೆ ಹೋಲಿಸಿದರೆ ಒಂದೂವರೆ ಮಿಲಿಮೀಟರಿನದಕ್ಕೆ ಆ ಬಿಗುವು ಎಂಟನೆಯ ಒಂದು ಪಾಲು ಮಾತ್ರ. ಡಬ್ಬಿಯ ಮುಚ್ಚಳ ಎಬ್ಬಲು, ಮೊಳೆ ಕೀಳಲು, ಸ್ಕ್ರೂ ತಿರುಗಿಸಲು ಚಾಕುವನ್ನೇ ಬಳಸುವವರು ಹಗುರವಾದದ್ದನ್ನು ಕೊಳ್ಳಬಾರದು. ಅವರು ಕೊಳ್ಳಬೇಕಾದದ್ದು ಮೀಟುಗೋಲು. ಕತ್ತರಿಸುವ ಕೆಲಸಕ್ಕಾದರೆ ತೆಳುವಾದ ಅಲಗೇ ಶ್ರೇಷ್ಠ, ಏಕೆಂದರೆ ಅದು ಕಡಮೆ ಬಲದಿಂದ ಒಳಗಿಳಿಯುತ್ತದೆ, ಕಡಮೆ ಬಲ ಬಿದ್ದಷ್ಟೂ ಕೀಲಿನ ಸವೆತವೂ ಕಡಮೆ.

ಇದರ ಅತ್ಯುತ್ತಮ ನಿದರ್ಶನ ತಿಲಕ್ ನಗರದಿಂದ ಬಹು ದೂರವಿಲ್ಲದ, ಲಾಲ್‌ಬಾಗಿನ ಮಗ್ಗುಲಿನ ಸಿದ್ದಾಪುರದ ನರ್ಸರಿಗಳಲ್ಲಿ ದೊರೆಯುತ್ತದೆ. ಮಾವು, ಸಪೋಟ, ಗುಲಾಬಿಗಳಿಗೆ ಕಸಿ ಕಟ್ಟುವ ತೋಟಗಾರನ ಮಡಚು ಚಾಕು ತೂಕದಲ್ಲಿ ಅತ್ಯಲ್ಪ. ಅದರ ಅಲಗಿಗೆ ಸಾಮಾನ್ಯವಾಗಿ ಒಂದೇ ಮಗ್ಗುಲಿನಲ್ಲಿ ಇಳಿಜಾರು, ಇನ್ನೊಂದು ಮಗ್ಗುಲು ಸಪಾಟು. ಬೇರುಗಿಡದ ಕಾಂಡವನ್ನೂ ಕಸಿಕೊಂಬೆಯನ್ನೂ ಓರೆಯಾಗಿ ಒಂದೇ ಎಳೆತಕ್ಕೆ ಕೊಯ್ದಾಗ, ತೊಗಟೆಯ ಒಳಗಿನ ಹಸುರು ಪದರಗಳು ಎರಡೂ ಕಡೆ ಎಡೆಯಿಲ್ಲದಂತೆ ಕೂಡಬೇಕು. ಅಲಗು ಕೀಲಿನಲ್ಲಿ ಕೂದಲೆಳೆಯಷ್ಟು ಅಲುಗಿದರೂ ಕೊಯ್ತದ ಮುಖ ಅಲೆಯಲೆಯಾಗಿ, ನಡುವೆ ಗಾಳಿ ಸೇರಿ, ಕಸಿ ಒಣಗಿಹೋಗುತ್ತದೆ. ಆ ತೋಟಗಾರನಿಗೆ ಚಾಕುವಿನ ದಾರ್ಢ್ಯವೆಂದರೆ, ಸಾಲುಸಾಲಾಗಿ ಗಿಡಗಳನ್ನು ಕೊಯ್ದ ಬಳಿಕವೂ ಕೀಲು ಕದಲದಿರುವುದು ಮತ್ತು ಬಾಯಿ ಮೊಂಡಾಗದಿರುವುದು. ನಮ್ಮಂಥ ಗೃಹಸ್ಥರು ಪಾರ್ಸೆಲಿನ ಹುರಿ, ಹಣ್ಣಿನ ಸಿಪ್ಪೆ, ಹಾಲಿನ ಪೊಟ್ಟಣಗಳಿಗೆ ಬಳಸುವ ಚಾಕುವನ್ನೂ ಈ ಅಳತೆಯಿಂದಲೇ ಅಳೆಯಬೇಕೆಂದು ನನ್ನ ಅಭಿಪ್ರಾಯ.

ಬಾಯಿ ಮೊಂಡಾಗದಿರುವುದು ಉಕ್ಕಿನ ಗುಣದಷ್ಟೇ ಅದಕ್ಕೆ ಕೊಟ್ಟ ಹದವನ್ನೂ ಅವಲಂಬಿಸಿದೆ. ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟಿಷ್ ವೈದ್ಯ 1800ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿ, ಮಣ್ಣಿನ ಮೂಸೆಗಳಲ್ಲಿ ಕಬ್ಬಿಣದೊಡನೆ ಸೌದೆಯ ಚೂರು, ಹಸಿ ಎಲೆಗಳನ್ನಿಟ್ಟು ಬಾಯಿಮುಚ್ಚಿ ಕಾಯಿಸಿ ಉಕ್ಕು ತೆಗೆಯುತ್ತಿದ್ದ ಕಸುಬನ್ನು ಕಂಡು ಬರೆದಿಟ್ಟಿದ್ದಾನೆ; ಇಂಗಾಲ ಸೇರಿದ ಆ ಉಕ್ಕು ಕೂಡ ಕಮ್ಮಾರನು ಹದ ತಪ್ಪಿ ಕಾಯಿಸಿದರೆ ಮುರಿಯುವಂಥದೇ. ಇಂದಿನ ಅಲಗಿನ ಮೇಲೆ ಕೊರೆದಿರುವ ‘ಸ್ಟೇನ್‌ಲೆಸ್’ ಎಂಬ ಮಾತು ಅದರಲ್ಲಿ ನೂರಕ್ಕೆ ಹತ್ತೂವರೆ ಪಾಲಿಗೆ ಕಡಮೆಯಿಲ್ಲದಷ್ಟು ಕ್ರೋಮಿಯಂ ಇದೆಯೆಂಬುದನ್ನು ಹೇಳುತ್ತದೆಯೇ ಹೊರತು ಹದದ ಬಗ್ಗೆ ಏನನ್ನೂ ಹೇಳುವುದಿಲ್ಲ. ರಾಕ್‌ವೆಲ್ ಮಾನದಲ್ಲಿ 56ರಿಂದ 58ರವರೆಗಿನ ಕಾಠಿಣ್ಯ ಜೇಬಿನ ಚಾಕುವಿಗೆ ಸಾಕಷ್ಟಾಯಿತು. ಅದಕ್ಕಿಂತ ಬಹಳ ಮೃದುವಾದರೆ ಬಾಯಿ ಮಡಿಯುತ್ತದೆ, ಬಹಳ ಗಡುಸಾದರೆ ಚಕ್ಕೆ ಏಳುತ್ತದೆ. ಮಾಪನಯಂತ್ರ ಮನೆಯಲ್ಲಿಲ್ಲದವರು ದಪ್ಪ ರಟ್ಟನ್ನು ಉದ್ದುದ್ದ ಪಟ್ಟಿಗಳಾಗಿ ಕೊಯ್ದು, ಅನಂತರ ಅಲಗಿನ ಬಾಯನ್ನು ದೀಪದ ಕೆಳಗೆ ಮೇಲ್ಮುಖವಾಗಿ ಹಿಡಿದು ನೋಡಲಿ: ಹರಿತವಾದ ಅಂಚು ಬೆಳಕನ್ನು ಹಿಂದಿರುಗಿಸುವುದಿಲ್ಲ, ಮಡಿದ ಸ್ಥಳವಾದರೋ ಬೆಳ್ಳನೆಯ ಗೆರೆಯಾಗಿ ಹೊಳೆಯುತ್ತದೆ.

ಕಾಯಿದೆಯ ಮಾತು ಸಂಕ್ಷೇಪವಾಗಿ. ಶಸ್ತ್ರಾಸ್ತ್ರ ನಿಯಮಗಳು ಆಯುಧವೆಂದು ಎಣಿಸುವುದು 9 ಅಂಗುಲಕ್ಕಿಂತ ಉದ್ದವೋ 2 ಅಂಗುಲಕ್ಕಿಂತ ಅಗಲವೋ ಆದ, ಗೃಹಕೃತ್ಯ, ವ್ಯವಸಾಯ, ವಿಜ್ಞಾನ, ಕೈಗಾರಿಕೆಗಳಿಗಲ್ಲದ ಅಲಗುಗಳನ್ನು. ಗುಂಡಿ ಒತ್ತಿದೊಡನೆ ಚಿಮ್ಮುವ ಚಾಕುವಿನ ಗೋಜಿಗೆ ಹೋಗದಿರುವುದು ಒಳ್ಳೆಯದು, ಮೆಟ್ರೋ ನಿಲ್ದಾಣಕ್ಕೂ ವಿಮಾನದೊಳಕ್ಕೂ ಯಾವ ಚಾಕುವನ್ನೂ ಒಯ್ಯಬಾರದು.

ಕೊಂಡ ಮೇಲಿನ ಆರೈಕೆಯಲ್ಲಿ ಕೀಲಿಗೆ ಒಂದು ತೊಟ್ಟು ಹೊಲಿಗೆಯಂತ್ರದ ಎಣ್ಣೆ, ಹುಳಿಹಣ್ಣು ಕೊಯ್ದೊಡನೆ ತೊಳೆದು ಒರೆಸುವುದು ಇವು ಎಲ್ಲರಿಗೂ ತಿಳಿದವು. ಸಾಣೆಯ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಮಾಂಸದಂಗಡಿಗಳು ಒತ್ತಾಗಿರುವ ತಿಲಕ್ ನಗರದಲ್ಲಿ ಸಾಣೆ ಹಿಡಿಯುವವರಿಗೆ ಬಕ್ರೀದಿನ ಹಿಂದಿನ ದಿನಗಳಲ್ಲಿ ಬಿಡುವೇ ಇರುವುದಿಲ್ಲ. ಅವರ ಚಕ್ರಕ್ಕೆ ಒಗ್ಗುವುದು ಕಸಾಯಿಯ ದಪ್ಪ ಕತ್ತಿ. ವಿದ್ಯುತ್ ಚಕ್ರದ ಮೇಲೆ ತೆಳುವಾದ ಅಲಗನ್ನು ಕ್ಷಣಕಾಲ ಹೆಚ್ಚಾಗಿ ಒತ್ತಿದರೂ ಅಂಚು ಸುಮಾರು 300 ಡಿಗ್ರಿ ಸೆಲ್ಸಿಯಸ್ಸಿಗೆ ಕಾದು ನೀಲಿ ಬಣ್ಣ ತಾಳುತ್ತದೆ, ಅಷ್ಟರೊಳಗೆ ಆ ಭಾಗದ ಹದ ಹೋಗಿರುತ್ತದೆ. ಆದಕಾರಣ ಹಗುರವಾದ ಚಾಕುವನ್ನು ಮನೆಯಲ್ಲೇ, ನೀರು ಹಾಕಿದ ಸಾಣೆಕಲ್ಲಿನ ಮೇಲೆ, ಎರಡು ಮಗ್ಗುಲನ್ನೂ ಒಂದೇ ಓರೆಯಲ್ಲಿ ನಿಧಾನವಾಗಿ ಉಜ್ಜಿಕೊಳ್ಳತಕ್ಕದ್ದು. ಅನಿವಾರ್ಯವಾಗಿ ಚಕ್ರಕ್ಕೆ ಕೊಟ್ಟರೆ ಪಕ್ಕದಲ್ಲೇ ನಿಂತು, ಪ್ರತಿ ಎಳೆತಕ್ಕೊಮ್ಮೆ ಅಲಗನ್ನು ನೀರಿನಲ್ಲಿ ಅದ್ದಿಸಬೇಕು.