ಉಕ್ಕು, ಏರು, ನುಗ್ಗು: ಹಠಾತ್ ಏರಿಕೆಯ ಮಾತುಗಳು

ಚಲನೆ, ಭಾವ ಮತ್ತು ಪ್ರಮಾಣ ಈ ಮೂರರಲ್ಲಿಯೂ ಆಕಸ್ಮಿಕವಾಗಿ ತಲೆದೋರುವ ಏರಿಕೆಯನ್ನು ಹೇಳಲು ಇಂಗ್ಲಿಷ್ ಭಾಷೆಯು ಬಹುಮಟ್ಟಿಗೆ ಒಂದೇ ಪದಸಮೂಹವನ್ನು ದುಡಿಸಿಕೊಳ್ಳುತ್ತದೆ. ಕಡಲಿನ ತೆರೆ ‘ಸರ್ಜ್’ ಆಗುತ್ತದೆ. ಮನಸ್ಸಿನ ಕೋಪವೂ, ವಿದ್ಯುತ್ತಿನ ಒತ್ತಡವೂ, ತರಕಾರಿಯ ಬೆಲೆಯೂ, ರಸ್ತೆಯಲ್ಲಿ ನೆರೆದ ಜನವೂ ‘ಸರ್ಜ್’ ಆಗುತ್ತವೆ. ಕನ್ನಡದಲ್ಲಿ ಇವುಗಳಿಗೆಲ್ಲ ಸಲ್ಲುವ ಒಂದು ಪದವಿಲ್ಲ. ಆದರೂ ಕಳೆದ ಕೆಲವು ದಶಕಗಳ ಪತ್ರಿಕಾ ಭಾಷೆ ಮತ್ತು ಆಡಳಿತ ಭಾಷೆ ಇವೆಲ್ಲವನ್ನೂ ‘ಏರಿಕೆ’, ‘ಹೆಚ್ಚಳ’ ಎಂಬ ಎರಡು ಮಾತುಗಳಲ್ಲಿ ಮುಗಿಸಿಬಿಡುವ ಕಡೆಗೆ ವಾಲಿದೆ. ಇದರಿಂದ ಏನು ಕಳೆದುಹೋಗುತ್ತದೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಉದಾಹರಣೆಗಳಲ್ಲಿ ಕೆಲವನ್ನು ಬೆಂಗಳೂರಿನ ಮಲ್ಲೇಶ್ವರದ ಸಂಪಿಗೆ ರಸ್ತೆಯಿಂದ ಆಯ್ದುಕೊಂಡಿದೆ. ಹೂವಿನ ವ್ಯಾಪಾರ, ಬಾಡಿಗೆ ಕಾರು, ಹಬ್ಬದ ಜನಸಂದಣಿ, ಮೆಟ್ರೋ ನಿಲ್ದಾಣ ಇವೆಲ್ಲ ಒಂದೇ ರಸ್ತೆಯಲ್ಲಿರುವುದರಿಂದ ಇಂಗ್ಲಿಷಿನ ಏರಿಕೆ ಮತ್ತು ಕನ್ನಡದ ಏರಿಕೆ ಅಲ್ಲಿ ಎದುರುಬದುರಾಗುತ್ತವೆ. (ಆ ರಸ್ತೆಗೆ ಸಮಾನಾಂತರವಾಗಿ ಸಾಗುವ ಮಾರ್ಗೋಸಾ ರಸ್ತೆಯ ಹೆಸರು ಬೇವಿನ ಮರದ್ದು, ಕಹಿ ಎಂಬರ್ಥದ ಪೋರ್ಚುಗೀಸ್ ಮಾತು ಇಂಗ್ಲಿಷಿನ ಮೂಲಕ ಬಂದು ಅಲ್ಲಿ ನೆಲೆಸಿದೆ. ಒಂದು ಮರಕ್ಕೆ ಕನ್ನಡದ ಹೆಸರು ಉಳಿದು ಪಕ್ಕದ ಮರಕ್ಕೆ ಹೊರಗಿನ ಹೆಸರು ಬಂದದ್ದು ನಮ್ಮ ಶಬ್ದಕೋಶದ ಸ್ಥಿತಿಗೂ ಒಪ್ಪುತ್ತದೆ.)

ಮೊದಲು ಇಂಗ್ಲಿಷ್ ಪದಗಳ ಮೂಲವನ್ನು ನೋಡಬಹುದು. ‘ಸರ್ಜ್’ ಪದವು ‘ಏಳು’, ‘ಮೇಲೇಳು’ ಎಂಬರ್ಥದ ಲ್ಯಾಟಿನ್ ಧಾತುವಿನಿಂದ ಬಂದುದು. ಇಂಗ್ಲಿಷಿಗೆ ಬಂದಾಗ ಅದಕ್ಕೆ ಮೊದಲು ನೀರಿನ ಬುಗ್ಗೆ ಎಂಬ ಅರ್ಥವೂ ಆಮೇಲೆ ಕಡಲಿನ ಹೆದ್ದೆರೆ ಎಂಬ ಅರ್ಥವೂ ಇದ್ದವು. ಭಾವಕ್ಕೂ ಬೆಲೆಗೂ ಅದು ಹಬ್ಬಿದ್ದು ತರುವಾಯದ ಬೆಳವಣಿಗೆ. ‘ಸೋರ್’ ಎಂಬುದರಲ್ಲಿ ಗಾಳಿಯಿದೆ, ‘ಸ್ಪೈಕ್’ ಎಂಬುದರಲ್ಲಿ ಮೊಳೆಯಿದೆ, ‘ಸ್ಕೈರಾಕೆಟ್’ ಎಂಬುದರಲ್ಲಿ ಬಾಣಬಿರುಸು ಇದೆ, ‘ಬೂಮ್’ ಎಂಬುದು ಸದ್ದಿನ ಅನುಕರಣೆ. ಭಾವವನ್ನು ಹೇಳುವ ‘ಎಮೋಷನ್’ ಪದವೇ ‘ಹೊರಕ್ಕೆ ಚಲಿಸು’ ಎಂಬ ಅರ್ಥದಿಂದ ಹುಟ್ಟಿದ್ದು. ಒಂದು ಕಾಲದಲ್ಲಿ ಅದಕ್ಕೆ ಜನರ ಕ್ಷೋಭೆ, ಗಲಭೆ ಎಂಬ ಅರ್ಥವೂ ಇತ್ತು. ಚಲನೆಯ ಪದವು ಭಾವಕ್ಕೂ ಪ್ರಮಾಣಕ್ಕೂ ಸಲ್ಲುವುದಕ್ಕೆ ಕಾರಣವನ್ನು ಜಾರ್ಜ್ ಲೇಕಾಫ್ ಮತ್ತು ಮಾರ್ಕ್ ಜಾನ್ಸನ್ 1980ರಲ್ಲಿ ಪ್ರಕಟಿಸಿದ ರೂಪಕಾಧ್ಯಯನದಲ್ಲಿ ವಿವರಿಸಿದ್ದಾರೆ. ಪಾತ್ರೆಗೆ ನೀರು ಸುರಿದಂತೆ ಮಟ್ಟ ಮೇಲೇರುವುದನ್ನು ಮನುಷ್ಯ ದಿನನಿತ್ಯ ಕಾಣುತ್ತಾನೆ. ಆದುದರಿಂದ ಹೆಚ್ಚು ಎಂಬುದು ಅವನಿಗೆ ಮೇಲೆ ಎಂದೇ ತೋರುತ್ತದೆ.

ಈ ತತ್ತ್ವ ಕನ್ನಡಕ್ಕೆ ಹೊಸದೇನಲ್ಲ. ಸಂಸ್ಕೃತದಿಂದ ಬಂದು ಕನ್ನಡದಲ್ಲಿ ನೆಲೆಗೊಂಡ ಭಾವವಾಚಕಗಳನ್ನು ಗಮನಿಸಿದರೆ ಅದು ಕೂಡಲೇ ಗೋಚರಿಸುತ್ತದೆ. ಉದ್ವೇಗದಲ್ಲಿ ಮೇಲ್ಮುಖತೆಯೂ ವೇಗವೂ ಕೂಡಿವೆ; ಉದ್ರೇಕದ ಮೂಲಾರ್ಥ ಅತಿಶಯ, ಆಧಿಕ್ಯ, ಅಂದರೆ ಪ್ರಮಾಣ. ಉತ್ಸಾಹ, ಉಲ್ಲಾಸ, ಉನ್ಮಾದಗಳಲ್ಲಿಯೂ ಅದೇ ಉಪಸರ್ಗವಿದೆ. ಭರತನ ನಾಟ್ಯಶಾಸ್ತ್ರವು ಮೂವತ್ತಮೂರು ವ್ಯಭಿಚಾರಿಭಾವಗಳಲ್ಲಿ ಆವೇಗವನ್ನು ಸೇರಿಸಿ, ಗಾಳಿ, ಮಳೆ, ಬೆಂಕಿ, ಆನೆಯ ಓಡಾಟ, ಪ್ರಿಯ ಮತ್ತು ಅಪ್ರಿಯ ವಾರ್ತೆ ಮುಂತಾದವನ್ನು ಅದರ ಕಾರಣಗಳಾಗಿ ಎಣಿಸುತ್ತದೆ. ಹೊರಗಿನ ಹಠಾತ್ ಚಲನೆಯೂ ಒಳಗಿನ ಹಠಾತ್ ಚಲನೆಯೂ ಅಲ್ಲಿ ಒಂದೇ ಎಳೆಯಲ್ಲಿವೆ.

ಅಚ್ಚಗನ್ನಡದ ಪದಗಳ ಕಡೆಗೆ ತಿರುಗಿದರೆ ಚಿತ್ರ ಬದಲಾಗುತ್ತದೆ. ಇಂಗ್ಲಿಷ್ ಪದ ಕಡಲಿನಿಂದ ಬಂದರೆ ನಮ್ಮ ಮುಖ್ಯ ಪದ ಒಲೆಯಿಂದ ಬಂದಂತಿದೆ. ‘ಉಕ್ಕು’ ಎಂದೊಡನೆ ಬಯಲುಸೀಮೆಯ ಕನ್ನಡಿಗನ ಕಣ್ಣಿಗೆ ಕಟ್ಟುವುದು ಹಾಲು. ಹೊಳೆ ಉಕ್ಕುತ್ತದೆ, ನಗು ಉಕ್ಕುತ್ತದೆ, ಅಕ್ಕರೆ ಉಕ್ಕುತ್ತದೆ. ಗೃಹಪ್ರವೇಶದ ದಿನ ಹಾಲನ್ನು ಬೇಕೆಂದೇ ಉಕ್ಕಿಸುವ ಪದ್ಧತಿಯಿರುವುದರಿಂದ ಈ ಪದಕ್ಕೆ ಸಮೃದ್ಧಿಯ ಛಾಯೆ ಅಂಟಿದೆ. ಅದೇ ಹಾಲು ಮರುದಿನ ನೋಡಿಕೊಳ್ಳದೆ ಉಕ್ಕಿದರೆ ನಷ್ಟ. ಆಗ ‘ಉಕ್ಕಿತು’ ಎನ್ನುವುದಿಲ್ಲ, ‘ಉಕ್ಕಿಹೋಯಿತು’ ಎನ್ನುತ್ತೇವೆ. ‘ಹೋಗು’ ಎಂಬ ಸಹಾಯಕ ಕ್ರಿಯಾಪದವೊಂದರಿಂದಲೇ ಶುಭವು ನಷ್ಟವಾಗಿ ಮಾರ್ಪಟ್ಟಿದೆ. ದುಃಖಕ್ಕೆ ‘ಉಮ್ಮಳಿಸು’, ‘ಒತ್ತರಿಸು’ ಎಂಬ ಪ್ರತ್ಯೇಕ ಕ್ರಿಯಾಪದಗಳಿವೆ, ಸಂತೋಷ ಉಮ್ಮಳಿಸುವುದಿಲ್ಲ. ಹೆಮ್ಮೆಯಿಂದ ಎದೆ ಉಬ್ಬುತ್ತದೆ, ಸಂತೋಷದಿಂದ ಮನಸ್ಸು ಹಿಗ್ಗುತ್ತದೆ, ಪಿತ್ತ ನೆತ್ತಿಗೇರುತ್ತದೆ. ಹೀಗೆ ಪ್ರತಿಯೊಂದು ಭಾವಕ್ಕೂ ದೇಹದಲ್ಲಿ ಒಂದು ಸ್ಥಾನವೂ ಒಂದು ಕ್ರಿಯೆಯೂ ಗೊತ್ತಾಗಿವೆ. ಅಲ್ಲದೆ ‘ಅವನಿಗೆ ಸಿಟ್ಟು ಬಂತು’ ಎಂಬಲ್ಲಿ ಸಿಟ್ಟು ಕರ್ತೃ. ಮನುಷ್ಯ ಚತುರ್ಥೀ ವಿಭಕ್ತಿಯಲ್ಲಿದ್ದು ಅದು ಬಂದು ಸೇರುವ ಎಡೆಯಾಗಿದ್ದಾನೆ. ಈ ರಚನೆಯನ್ನು ಮರೆತ ಅನುವಾದಕ ‘ಅವನು ಕೋಪದ ಏರಿಕೆಯನ್ನು ಅನುಭವಿಸಿದನು’ ಎಂದು ಬರೆಯುತ್ತಾನೆ. ಅಂಥ ವಾಕ್ಯದಲ್ಲಿ ಪದಗಳೆಲ್ಲ ಕನ್ನಡದವೇ, ಕೋಪ ಮಾತ್ರ ಯಾರದೂ ಅಲ್ಲ.

ಹಠಾತ್ತು ಎಂಬ ಅಂಶವನ್ನು ಕನ್ನಡವು ಎಲ್ಲಿ ಇಡುತ್ತದೆ ಎಂಬುದು ಮುಂದಿನ ಪ್ರಶ್ನೆ. ಇಂಗ್ಲಿಷ್ ಅದನ್ನು ಕ್ರಿಯಾಪದದ ಒಡಲಿನಲ್ಲಿಯೇ ತುಂಬುತ್ತದೆ. ಕನ್ನಡವು ಕ್ರಿಯಾಪದವನ್ನು ಸರಳವಾಗಿಟ್ಟು ಅದರ ಮುಂದೆ ಒಂದು ಅನುಕರಣ ಶಬ್ದವನ್ನು ನಿಲ್ಲಿಸುತ್ತದೆ. ದಿಗ್ಗನೆ ಎದ್ದ, ಚಂಗನೆ ನೆಗೆದ, ಭಗ್ಗನೆ ಹತ್ತಿಕೊಂಡಿತು, ಸರ್ರನೆ ಸಿಟ್ಟೇರಿತು. ‘ಸರ್ರೆಂದು’, ‘ಭಗ್ಗೆಂದು’ ಎಂಬ ಪರ್ಯಾಯ ರೂಪಗಳನ್ನು ನೋಡಿದರೆ ಇವುಗಳ ರಚನೆ ಸ್ಪಷ್ಟವಾಗುತ್ತದೆ: ಇಲ್ಲಿರುವುದು ‘ಎನ್’ ಧಾತು. ಬೆಂಕಿ ‘ಭಗ್’ ಎಂದು ಹೇಳಿ ಹತ್ತಿಕೊಳ್ಳುತ್ತದೆ, ಸಿಟ್ಟು ‘ಸರ್’ ಎಂದು ಹೇಳಿ ಏರುತ್ತದೆ. ಸಿಟ್ಟಿಗೆ ಸದ್ದಿಲ್ಲ, ಆದರೂ ಭಾಷೆ ಅದಕ್ಕೆ ಮಾತು ಕೊಟ್ಟಿದೆ. ಕೇಶಿರಾಜನು ಹದಿಮೂರನೆಯ ಶತಮಾನದ ಶಬ್ದಮಣಿದರ್ಪಣದಲ್ಲಿ ಅವ್ಯಯಗಳಿಗೆ ಒಂದು ಪ್ರಕರಣವನ್ನೇ ಮೀಸಲಿಟ್ಟಿದ್ದಾನೆ. ಮರ್ರೆ ಎಮೆನೊ 1969ರ ಪ್ರಬಂಧದಲ್ಲಿ ಇಂಥ ಶಬ್ದಗಳ ಹೇರಳತೆಯನ್ನು ದ್ರಾವಿಡ, ಆರ್ಯ ಭಾಷೆಗಳೆಂಬ ಭೇದವಿಲ್ಲದೆ ಭಾರತೀಯ ಭಾಷಾವಲಯದ ಒಂದು ಸಮಾನ ಲಕ್ಷಣವೆಂದು ಗುರುತಿಸಿದರು. ನಮ್ಮ ಪಠ್ಯಪುಸ್ತಕಗಳು ಮಾತ್ರ ಇವನ್ನು ನಾಲ್ಕಾರು ಉದಾಹರಣೆಗಳಲ್ಲಿ ಮುಗಿಸುತ್ತವೆ. ಸಹಜವಾಗಿಯೇ ವಿದ್ಯಾವಂತರ ಗದ್ಯದಿಂದ ಅವು ಹಿಂದೆ ಸರಿದು, ಅವುಗಳ ಎಡೆಯಲ್ಲಿ ‘ತೀವ್ರಗತಿಯಲ್ಲಿ’, ‘ಗಣನೀಯವಾಗಿ’ ಎಂಬ ಕ್ರಿಯಾವಿಶೇಷಣಗಳು ಕುಳಿತಿವೆ.

ಪ್ರಮಾಣದ ವಿಷಯದಲ್ಲಿ ಕನ್ನಡ ತನ್ನದೇ ಪದಗಳನ್ನು ಸೃಷ್ಟಿಸಿಕೊಂಡ ಒಳ್ಳೆಯ ನಿದರ್ಶನ ‘ಹಣದುಬ್ಬರ’. ಇದರ ಇಂಗ್ಲಿಷ್ ಮೂಲದಲ್ಲಿರುವುದು ಗಾಳಿ ಊದಿ ಉಬ್ಬಿಸುವ ಕಲ್ಪನೆ. ಕನ್ನಡದ ‘ಉಬ್ಬರ’ದಲ್ಲಿ ಉಬ್ಬುವಿಕೆಯೊಡನೆ ಕಡಲಿನ ಭರತವೂ ಸೇರಿಕೊಂಡಿದೆ. ಉಬ್ಬರವೆಂದ ಮೇಲೆ ಇಳಿತವಿರಬೇಕೆಂದು ಓದುಗನ ಮನಸ್ಸು ನಿರೀಕ್ಷಿಸುತ್ತದೆ. ಬೆಲೆಗಳು ಆ ನಿರೀಕ್ಷೆಯನ್ನು ಸಾಮಾನ್ಯವಾಗಿ ಈಡೇರಿಸುವುದಿಲ್ಲ. ‘ಉಲ್ಬಣ’ದ ಕಥೆ ಬೇರೆ. ಸಂಸ್ಕೃತದಲ್ಲಿ ಅದು ಹೇರಳ, ತೀವ್ರ ಎಂಬರ್ಥದ ಸಾಮಾನ್ಯ ವಿಶೇಷಣ. ಆಯುರ್ವೇದವು ಅದನ್ನು ದೋಷಗಳ ಪ್ರಾಬಲ್ಯಕ್ಕೆ ಬಳಸಿತು. ಇಂದಿನ ಕನ್ನಡದಲ್ಲಿ ರೋಗ, ಕಲಹ, ಬಿಕ್ಕಟ್ಟುಗಳಷ್ಟೇ ಉಲ್ಬಣಿಸುತ್ತವೆ. ಉತ್ಪಾದನೆ ಉಲ್ಬಣಿಸಿತು ಎಂದು ಯಾರೂ ಬರೆಯುವುದಿಲ್ಲ. 2021ರಲ್ಲಿ ಕೊರೊನಾ ಸೋಂಕಿನ ‘ಎರಡನೇ ಅಲೆ’ ಎಂಬ ಅನುವಾದಿತ ರೂಪಕ ಮನೆಮಾತಾಗಿದ್ದಾಗಲೂ ‘ಸೋಂಕು ಉಲ್ಬಣ’ ಎಂಬ ಮಾತು ಪಕ್ಕದಲ್ಲಿಯೇ ನಡೆಯಿತು. ಅಲೆಯು ಕೇವಲ ಆಕಾರವನ್ನು ಹೇಳಿದರೆ ಉಲ್ಬಣವು ಆತಂಕವನ್ನೂ ಹೇಳಿತು.

ಇನ್ನು ಬೆಲೆಯ ಮಾತು. ವರಮಹಾಲಕ್ಷ್ಮಿ ವ್ರತದ ಮುನ್ನಾದಿನಗಳಲ್ಲಿ ಹೂವಿನ ಬೆಲೆ ‘ಗಗನಕ್ಕೇರಿತು’ ಎಂಬ ಶೀರ್ಷಿಕೆ ಪ್ರತಿ ಶ್ರಾವಣದಲ್ಲಿಯೂ ಕಾಣುತ್ತದೆ. 2021ರ ಜೂನ್‌ನಲ್ಲಿ ಬೆಂಗಳೂರಿನಲ್ಲಿ ಪೆಟ್ರೋಲಿನ ಬೆಲೆ ಲೀಟರಿಗೆ 100 ರೂಪಾಯಿ ದಾಟಿತು. 2023ರ ಮಳೆಗಾಲದಲ್ಲಿ ಕಿಲೋ ಟೊಮೆಟೊ ಬೆಲೆಯೂ ಅದೇ ಗಡಿ ದಾಟಿತು. ಇಂಥ ಸಂದರ್ಭಗಳಲ್ಲಿ ಬೆಲೆ ‘ಶತಕ ಬಾರಿಸುವುದು’ ಕ್ರಿಕೆಟ್ ಮೈದಾನದಿಂದ ಬಂದ ಮಾತು. ಆದರೆ ಇವೆಲ್ಲ ಪತ್ರಿಕೆಯ ಅಲಂಕಾರಗಳು. ಸಂಪಿಗೆ ರಸ್ತೆಯ ಹೂವಿನ ಬುಟ್ಟಿಯ ಮುಂದೆ ಹಬ್ಬದ ಹೊತ್ತಿಗೆ ನಡೆಯುವ ಸಂಭಾಷಣೆ ಸಾಮಾನ್ಯವಾಗಿ ಈ ಬಗೆಯದು:

“ಏನಮ್ಮ, ಮೊಳಕ್ಕೆ ಇಷ್ಟು ಏರಿಸಿಬಿಟ್ಟಿದ್ದೀರಿ?”

“ನಾನೆಲ್ಲಿ ಏರಿಸ್ದೆ ಅಕ್ಕಾ, ಮಾರ್ಕೆಟ್ಟಲ್ಲೇ ಏರೋಗಿದೆ.”

ಈ ಎರಡು ವಾಕ್ಯಗಳಲ್ಲಿ ಒಂದು ವ್ಯಾಕರಣದ ವ್ಯಾಜ್ಯವೇ ಅಡಗಿದೆ. ಕೊಳ್ಳುವಾಕೆ ಪ್ರೇರಣಾರ್ಥಕವನ್ನು ಬಳಸಿ ಏರಿಕೆಗೆ ಒಬ್ಬ ಕರ್ತೃವನ್ನು ಗೊತ್ತುಮಾಡುತ್ತಾಳೆ. ಮಾರುವಾಕೆ ಅಕರ್ಮಕಕ್ಕೆ ಮರಳಿ ಆ ಕರ್ತೃತ್ವವನ್ನು ನಿರಾಕರಿಸುತ್ತಾಳೆ, ಮೇಲಾಗಿ ‘ಹೋಗು’ ಸೇರಿಸಿ ಅದು ಕೈಮೀರಿದ ಸಂಗತಿಯೆಂದು ಸೂಚಿಸುತ್ತಾಳೆ. ಏರು–ಏರಿಸು, ಹೆಚ್ಚು–ಹೆಚ್ಚಿಸು, ಉಬ್ಬು–ಉಬ್ಬಿಸು ಎಂಬ ಜೋಡಿಗಳು ಕನ್ನಡದಲ್ಲಿ ಅತ್ಯಂತ ಕ್ರಮಬದ್ಧವಾಗಿರುವುದರಿಂದ, ಮಾಡಿದವರಾರು ಎಂಬ ಪ್ರಶ್ನೆಯನ್ನು ಒಂದು ಪ್ರತ್ಯಯದಿಂದ ಎತ್ತಬಹುದು, ಒಂದು ಪ್ರತ್ಯಯವನ್ನು ಬಿಟ್ಟು ಅಡಗಿಸಲೂಬಹುದು. ‘ಏರಿಕೆ’ ಎಂಬ ನಾಮಪದದಲ್ಲಿ ಈ ಭೇದ ಅಳಿಸಿಹೋಗುತ್ತದೆ. ‘ದರ ಏರಿಕೆ’ ಎಂಬ ಸರ್ಕಾರಿ ಪ್ರಕಟಣೆಯಲ್ಲಿ ದರ ತಾನಾಗಿ ಏರಿತೋ ಯಾರಾದರೂ ಏರಿಸಿದರೋ ಎಂಬುದು ತಿಳಿಯದಿರುವುದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ.

ಆ್ಯಪ್ ಆಧಾರಿತ ಟ್ಯಾಕ್ಸಿಗಳ ‘ಸರ್ಜ್’ ದರವನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಬೇಡಿಕೆ ಹೆಚ್ಚಿದ ಹೊತ್ತಿನಲ್ಲಿ ಸಂಸ್ಥೆಯು ತನ್ನ ಲೆಕ್ಕಾಚಾರದ ಪ್ರಕಾರ ದರವನ್ನು ಏರಿಸುತ್ತದೆ. ಆದರೆ ಅದಕ್ಕೆ ಇಟ್ಟ ಹೆಸರು ತೆರೆಯದು. ತೆರೆಯನ್ನು ಯಾರೂ ಎಬ್ಬಿಸುವುದಿಲ್ಲ, ಅದು ತಾನೇ ಏಳುತ್ತದೆ. 2016ರಲ್ಲಿ ಕರ್ನಾಟಕ ಸರ್ಕಾರವು ಇಂಥ ಸಂಸ್ಥೆಗಳಿಗಾಗಿ ನಿಯಮಗಳನ್ನು ಹೊರಡಿಸಿದಾಗ ವಿವಾದದ ಒಂದು ಮುಖ್ಯ ಅಂಶ ಈ ದರವೇ ಆಗಿತ್ತು. 2007ರಲ್ಲಿ ಅಮೆರಿಕ ಇರಾಕಿಗೆ 20,000ಕ್ಕೂ ಹೆಚ್ಚು ಹೆಚ್ಚುವರಿ ಸೈನಿಕರನ್ನು ಕಳುಹಿಸಿದ ನಿರ್ಧಾರಕ್ಕೂ ‘ಸರ್ಜ್’ ಎಂಬ ಹೆಸರೇ ಅಂಟಿಕೊಂಡಿತ್ತು. ಕನ್ನಡದಲ್ಲಿ ಆ ಪದವನ್ನು ಹಾಗೆಯೇ ಇಟ್ಟುಕೊಂಡರೆ ಅದರ ಮರೆಮಾಚುವ ಗುಣವೂ ಜೊತೆಗೆ ಬರುತ್ತದೆ. ‘ಏರಿಸಿದ ದರ’ ಎಂದರೆ ಬರುವುದಿಲ್ಲ.

ಮಾತಿನ ಆಯ್ಕೆ ಎಲ್ಲಕ್ಕಿಂತ ಹೆಚ್ಚು ತೂಕ ಪಡೆಯುವುದು ಜನಸಂದಣಿಯ ವಿಷಯದಲ್ಲಿ. ಜನ ನೆರೆಯುತ್ತಾರೆ, ಹೊಳೆಗೆ ನೆರೆ ಬರುತ್ತದೆ. ವ್ಯುತ್ಪತ್ತಿಯ ಚರ್ಚೆಗೆ ಇಳಿಯದೆಯೂ ಇಂದಿನ ಕಿವಿಗೆ ಈ ಎರಡು ಮಾತುಗಳು ಒಂದನ್ನೊಂದು ನೆನಪಿಸುತ್ತವೆ ಎನ್ನಬಹುದು. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ಐಪಿಎಲ್ ಗೆಲುವಿನ ಸಂಭ್ರಮಕ್ಕೆ ಸೇರಿದ್ದ ಜನರಲ್ಲಿ 11 ಮಂದಿ ಸತ್ತಾಗ ಕನ್ನಡ ಮಾಧ್ಯಮಗಳು ಅದನ್ನು ‘ಕಾಲ್ತುಳಿತ’ ಎಂದು ಕರೆದವು. ಪ್ರತಿಯೊಂದು ಜಾತ್ರೆಯ, ತೇರಿನ, ಸಭೆಯ ದುರಂತಕ್ಕೂ ಈ ಪದ ಸಿದ್ಧವಾಗಿರುತ್ತದೆ. ಇದರ ಅರ್ಥದಲ್ಲಿ ಒಂದು ಆರೋಪವಿದೆ: ತುಳಿದವರಿದ್ದಾರೆ, ಅವರು ಆ ಜನರೇ. ಜನಸಂದಣಿಯನ್ನು ಅಧ್ಯಯನ ಮಾಡಿದ ಎಂಜಿನಿಯರ್ ಜಾನ್ ಫ್ರುಯಿನ್ 1993ರ ತಮ್ಮ ಪ್ರಬಂಧದಲ್ಲಿ ಬೇರೆಯದನ್ನೇ ವಿವರಿಸಿದರು. ಒಂದು ಚದರ ಮೀಟರಿಗೆ ಸುಮಾರು ಏಳು ಜನರಾದಾಗ ಸಂದಣಿಯು ಬಹುಮಟ್ಟಿಗೆ ದ್ರವದಂತಾಗುತ್ತದೆ. ಅದರೊಳಗೆ ಅಲೆಗಳು ಹಾಯುತ್ತವೆ, ಮನುಷ್ಯರ ಕಾಲು ನೆಲ ಬಿಡುತ್ತದೆ. ಹೀಗೆ ಸಾಯುವವರಲ್ಲಿ ಬಹುತೇಕರು ನಿಂತಲ್ಲಿಯೇ ಎದೆ ಅದುಮಿ ಉಸಿರು ಕಟ್ಟಿ ಸಾಯುತ್ತಾರೆ. ಇಂಗ್ಲೆಂಡಿನ ಹಿಲ್ಸ್‌ಬರೋ ಕ್ರೀಡಾಂಗಣದಲ್ಲಿ 1989ರಲ್ಲಿ ನಡೆದ ದುರಂತದ ಹೊಣೆಯನ್ನು ಪ್ರೇಕ್ಷಕರ ಮೇಲೆ ಹೊರಿಸಲಾಗಿತ್ತು. ಅವರ ತಪ್ಪಿಲ್ಲವೆಂಬ ನ್ಯಾಯಮಂಡಲಿಯ ತೀರ್ಮಾನ ಬರಲು 2016ರವರೆಗೆ ಕಾಯಬೇಕಾಯಿತು.

ಕನ್ನಡದ ‘ನೂಕುನುಗ್ಗಲು’ ಕಾಲ್ತುಳಿತಕ್ಕಿಂತ ಮೇಲು. ಅದರಲ್ಲಿ ಇನ್ನೊಬ್ಬರನ್ನು ತಳ್ಳುವ ‘ನೂಕು’ ಇದೆ, ತಾನೇ ಮುನ್ನಡೆಯುವ ‘ನುಗ್ಗು’ ಇದೆ. ಆದರೆ ಫ್ರುಯಿನ್ ಹೇಳುವ ಸ್ಥಿತಿಯಲ್ಲಿ ಮನುಷ್ಯ ನೂಕುವವನೂ ಅಲ್ಲ, ನುಗ್ಗುವವನೂ ಅಲ್ಲ. ಆ ಸ್ಥಿತಿಗೆ ಸಮೀಪದ ಮಾತು ಶಿಷ್ಟ ಗದ್ಯಕ್ಕಿಂತ ಆಡುಮಾತಿನಲ್ಲಿಯೇ ಸಿಗುತ್ತದೆ. ಕಾರ್ತಿಕ ಮಾಸದ ಕಡೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಹೋಗಿ ಮರಳಿದವರು, ಹಬ್ಬದ ಸಂಜೆ ಸಂಪಿಗೆ ರಸ್ತೆ ದಾಟಿ ಬಂದವರು ಸಾಮಾನ್ಯವಾಗಿ ಹೇಳುವ ಮಾತು ಇದು: “ನಾನು ನಡೀಲೇ ಇಲ್ಲ, ಜನಾನೇ ತಳ್ಕೊಂಡು ಬಂದ್ಬಿಟ್ರು.” ಇಲ್ಲಿ ನಡೆಯುವ ಕ್ರಿಯೆ ವ್ಯಕ್ತಿಯಿಂದ ಕಳಚಿ ಸಮುದಾಯಕ್ಕೆ ಸೇರಿದೆ, ‘ಬಿಡು’ ಎಂಬ ಸಹಾಯಕ ಕ್ರಿಯಾಪದ ಅದರ ಹಠಾತ್ತನ್ನು ಹೇಳಿದೆ. ದುರಂತದ ವರದಿಗೆ ‘ಜನದೊತ್ತಡದಲ್ಲಿ ಉಸಿರುಕಟ್ಟಿ ಸಾವು’ ಎಂಬ ಒಕ್ಕಣೆ ಶೀರ್ಷಿಕೆಯ ಅಳತೆಗೆ ತುಸು ಉದ್ದವಾದೀತು. ಆದರೆ ಅದನ್ನು ಓದಿದವನು ತುಳಿದವರಾರು ಎಂದು ಕೇಳುವುದಿಲ್ಲ. ಬಾಗಿಲು ಎಷ್ಟು ಅಗಲವಿತ್ತು, ಯಾವಾಗ ತೆರೆದರು ಎಂದು ಕೇಳುತ್ತಾನೆ.