ಮರಿಯ ಮೈಕಟ್ಟಿಗೆ ಮೊದಲ ಮೂರು ತಿಂಗಳು

ಪಶುವೈದ್ಯನಾಗಿ ಶಿರಾ ಕಡೆಯ ಕುರಿರೊಪ್ಪಗಳಿಗೆ ಹೋದಾಗ ನಾನು ಮೊದಲು ಮುಟ್ಟಿನೋಡುವುದು ಮರಿಯ ಬೆನ್ನನ್ನು. ಸೊಂಟದ ಮೇಲೆ ಬೆರಳೊತ್ತಿದರೆ ಮೂಳೆ ಚೂಪಾಗಿ ಸಿಗುತ್ತದೋ, ಅಕ್ಕಪಕ್ಕ ಮಾಂಸ ತುಂಬಿದೆಯೋ ಗೊತ್ತಾಗುತ್ತದೆ. ಹೊಟ್ಟೆ ದಪ್ಪಗಿದ್ದು ಬೆನ್ನು ಬತ್ತಿದ ಮರಿಗೆ ಜಂತುಹುಳುವಿನ ಕಾಟವಿರಬಹುದು. ಅದಿಲ್ಲವೆಂದಾದರೆ ನಾನು ಕೇಳುವುದು ಇಷ್ಟೇ: ಈ ಮರಿಗೆ ಪ್ರೋಟೀನ್ ಎಲ್ಲಿಂದ ಸಿಗುತ್ತಿದೆ?

ಮೈಯೊಳಗಿನ ಎಲ್ಲವೂ ಒಂದೇ ವೇಗದಲ್ಲಿ ಬೆಳೆಯುವುದಿಲ್ಲ. ಮೊದಲು ಮಿದುಳು, ನರ, ಆಮೇಲೆ ಮೂಳೆ, ಅನಂತರ ಮಾಂಸಖಂಡ, ಕೊನೆಗೆ ಕೊಬ್ಬು. ಈ ಕ್ರಮವನ್ನು ವಿವರಿಸಿದ ಕೇಂಬ್ರಿಡ್ಜಿನ ವಿಜ್ಞಾನಿ ಜಾನ್ ಹ್ಯಾಮಂಡ್ ಕುರಿಗಳ ಬೆಳವಣಿಗೆ ಕುರಿತ ತಮ್ಮ ಹೆಸರಾಂತ ಗ್ರಂಥವನ್ನು 1932ರಲ್ಲೇ ಪ್ರಕಟಿಸಿದ್ದರು. ಮಾಂಸದ ಎಳೆಗಳು ಎಷ್ಟೆಂಬುದು ಹುಟ್ಟುವ ಹೊತ್ತಿಗೇ ಬಹುಮಟ್ಟಿಗೆ ನಿಗದಿಯಾಗಿರುತ್ತದೆ. ಮುಂದೆ ಅವು ದಪ್ಪವಾಗಬೇಕು, ಉದ್ದವಾಗಬೇಕು. ಅದಕ್ಕೆ ಪ್ರೋಟೀನೇ ಬೇಕು. ಅದು ಸಾಲದೆ ಬರೀ ಪಿಷ್ಟ ಸಿಕ್ಕಿದರೂ ತೂಕ ಏರೀತು, ಆದರೆ ಆ ತೂಕದಲ್ಲಿ ಕೊಬ್ಬಿನ ಪಾಲು ಹೆಚ್ಚು. ಕೊರತೆ ಬೇಗ ತಟ್ಟುವುದು ಯಕೃತ್ತಿಗೆ, ಕರುಳಿಗೆ. ಅಲ್ಲಿ ಪ್ರೋಟೀನ್ ಸದಾ ಒಡೆಯುತ್ತ, ಮತ್ತೆ ಕಟ್ಟಿಕೊಳ್ಳುತ್ತ ಇರುತ್ತದೆ.

ದೊಡ್ಡ ಕುರಿಯ ಮೊದಲ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಹುಲ್ಲನ್ನು ಹುದುಗಿಸಿ ಬೆಳೆದು, ಕೊನೆಗೆ ತಾವೇ ಕುರಿಗೆ ಪ್ರೋಟೀನಾಗಿ ಒದಗುತ್ತವೆ. ಎಳೆಮರಿಗೆ ಆ ಹೊಟ್ಟೆ ಬಲಿತಿರುವುದಿಲ್ಲ. ಕುಡಿದ ಹಾಲು ಅದನ್ನು ದಾಟಿ ನಾಲ್ಕನೆಯ ಹೊಟ್ಟೆ ಸೇರುತ್ತದೆ. ಹಾಗಾಗಿ ಮೊದಲ ವಾರಗಳಲ್ಲಿ ತಾಯಿಹಾಲೇ ಆಧಾರ. ಹಸುವಿನ ಹಾಲಿನಲ್ಲಿ ಪ್ರೋಟೀನ್ ಸುಮಾರು ಶೇ. 3.3 ಇದ್ದರೆ ಕುರಿಹಾಲಿನಲ್ಲಿ ಶೇ. 5ರಿಂದ 6. ಬೇಸಿಗೆಯಲ್ಲಿ ತಾಯಿ ಒಣಹುಲ್ಲನ್ನೇ ನಂಬಿದರೆ ಹಾಲು ಇಳಿಯುತ್ತದೆ, ಮರಿ ಅಲ್ಲೇ ಸೊರಗುತ್ತದೆ.

ಎರಡು ವಾರ ತುಂಬಿದ ಮರಿಗಳಿಗೆ ರೊಪ್ಪದ ಮೂಲೆಯಲ್ಲಿ, ಅವು ಮಾತ್ರ ನುಸುಳುವಷ್ಟು ಸಂದು ಬಿಟ್ಟು ಬೇಲಿ ಕಟ್ಟಿ, ಒಳಗೆ ತಿಂಡಿ ಇಡಿ. ಅದರಲ್ಲಿ ಶೇ. 18ರಿಂದ 20ರಷ್ಟು ಪ್ರೋಟೀನ್ ಇರಬೇಕು. ಮುಸುಕಿನ ಜೋಳದಲ್ಲಿರುವುದು ಸುಮಾರು ಶೇ. 9, ಕಡಲೆಕಾಯಿ ಹಿಂಡಿಯಲ್ಲಿ ಶೇ. 40ಕ್ಕೂ ಹೆಚ್ಚು. ಎರಡು ಪಾಲು ಜೋಳದ ನುಚ್ಚಿಗೆ ಒಂದು ಪಾಲು ಹಿಂಡಿ ಬೆರೆಸಿದರೆ ಲೆಕ್ಕ ಸರಿಹೋಗುತ್ತದೆ. ಚಿಟಿಕೆ ಖನಿಜ ಮಿಶ್ರಣವೂ ಇರಲಿ. ಬೂಷ್ಟು ಹಿಡಿದ ಹಿಂಡಿಯನ್ನು ಮಾತ್ರ ಹಾಕಲೇಬೇಡಿ, ಅದರ ವಿಷ ಯಕೃತ್ತನ್ನೇ ಕೆಡಿಸುತ್ತದೆ. ಅಳತೆ ಮೀರಿ ಹಿಂಡಿ ಹಾಕಿದರೂ ಲಾಭವಿಲ್ಲ. ಹೆಚ್ಚಾದದ್ದು ಯೂರಿಯಾ ಆಗಿ ಮೂತ್ರದಲ್ಲಿ ಹೋಗುತ್ತದೆ.

ಮಾರುವ ಹೊತ್ತಿಗೆ ಮರಿಯನ್ನು ಕೊಬ್ಬಿಸಲು ಹಣ ಸುರಿಯುವವರಿಗೆ ನನ್ನ ಬೇಡಿಕೆ ಒಂದೇ. ಅದರಲ್ಲಿ ಒಂದು ಪಾಲನ್ನು ಮೊದಲೇ ತೆಗೆದಿಟ್ಟು, ಹಾಲೂಡಿಸುವ ತಾಯಿಗೆ ಹಿಂಡಿ, ಚೊಗಚೆ ಸೊಪ್ಪು ಹಾಕಿ. ಮರಿಯ ಮೈಕಟ್ಟಿಗೆ ಅದಕ್ಕಿಂತ ಒಳ್ಳೆಯ ಖರ್ಚು ನನಗೆ ಕಂಡಿಲ್ಲ.